ವಕಿಜಾಶಿಯ ಒಡವೆಗಳು

ಜಪಾನಿನ ಕತ್ತಿ ಎಂದೊಡನೆ ಕಣ್ಣ ಮುಂದೆ ಬರುವುದು ಸಿನಿಮಾಗಳ ಉದ್ದನೆಯ ಕಟಾನಾ. ಅದರ ಜೊತೆಗೇ ಸಮುರಾಯ್ ಸೊಂಟದಲ್ಲಿರುತ್ತಿದ್ದ ಗಿಡ್ಡ ಕತ್ತಿ ವಕಿಜಾಶಿಯನ್ನು ಗಮನಿಸುವವರು ಕಡಿಮೆ. ಇದರ ಅಲಗು 30ರಿಂದ 60 ಸೆಂಟಿಮೀಟರ್ ಉದ್ದ. ಎದೋ ಕಾಲದಲ್ಲಿ (1603–1868) ಎರಡೂ ಕತ್ತಿಗಳ ಜೋಡಿ ಸಮುರಾಯ್‌ಗಳ ಹಕ್ಕಾಗಿತ್ತು. ಗಿಡ್ಡದ್ದನ್ನು ಮಾತ್ರ ವರ್ತಕರೂ ಧರಿಸಬಹುದಿತ್ತು. ದೇಶದೊಳಗೆ ಯುದ್ಧಗಳು ನಿಂತಿದ್ದ ಆ ದಿನಗಳಲ್ಲಿ ಅಲಗು ಒರೆ ಬಿಟ್ಟು ಈಚೆ ಬರುವುದೇ ಅಪರೂಪ. ಜನರ ಕಣ್ಣಿಗೆ ಬೀಳುತ್ತಿದ್ದುದು ಅರಗಿನ ಹೊಳಪಿನ ಒರೆ, ರೇಷ್ಮೆ ಸುತ್ತಿದ ಹಿಡಿ ಮತ್ತು ಅವುಗಳ ಒಡವೆಗಳು. ಹಣವಂತ ವರ್ತಕರು ಅವಕ್ಕೆ ಧಾರಾಳವಾಗಿ ದುಡ್ಡು ಸುರಿದರು. ಜಪಾನಿನ ಲೋಹಶಿಲ್ಪ ತನ್ನ ಎತ್ತರ ಮುಟ್ಟಿದ್ದು ಈ ಅಂಗೈಯಗಲದ ಜಾಗದಲ್ಲೇ ಎಂದು ನಾನು ನಂಬಿದ್ದೇನೆ.

ಅಲಗನ್ನು ಹಿಡಿಗೆ ಬಂಧಿಸಿರುವುದು ಮೆಕುಗಿ ಎಂಬ ಬಿದಿರಿನ ಸಣ್ಣ ಗೂಟ. ಅದನ್ನು ತಟ್ಟಿ ತೆಗೆದರೆ ಇಡೀ ಕತ್ತಿ ಬಿಡಿಬಿಡಿಯಾಗುತ್ತದೆ. ಕೈಗೆ ಅಡ್ಡಲಾಗಿ ನಿಲ್ಲುವ ತಟ್ಟೆ ತ್ಸುಬಾ. ಹಿಡಿಯ ಬುಡದಲ್ಲಿ ಫುಚಿ, ತುದಿಯಲ್ಲಿ ಕಶಿರಾ. ಸುತ್ತಿದ ದಾರದಡಿಯಿಂದ ಇಣುಕುವ ಪುಟ್ಟ ಶಿಲ್ಪಗಳು ಮೆನುಕಿ. ಒರೆಯ ಪಕ್ಕದ ಸೀಳಿನಲ್ಲಿ ಕೂರುವ ಚಾಕುವಿನ ಹಿಡಿ ಕೊಜುಕಾ. ಹೀಗೆ ಬಿಚ್ಚಿ ಜೋಡಿಸಬಹುದಾದ್ದರಿಂದಲೇ 15ನೇ ಶತಮಾನದ ಅಲಗಿಗೆ 19ನೇ ಶತಮಾನದ ಒಡವೆ ತೊಡಿಸಿರುವುದುಂಟು.

ಈ ಒಡವೆಗಳ ಬಣ್ಣ ಬಳಿದದ್ದಲ್ಲ, ಲೋಹದೊಳಗಿನಿಂದಲೇ ಬಂದದ್ದು. ತಾಮ್ರಕ್ಕೆ ನೂರಕ್ಕೆ ಕೆಲವೇ ಪಾಲು ಚಿನ್ನ ಬೆರೆಸಿ, ತಾಮ್ರದ ಲವಣಗಳ ದ್ರಾವಣದಲ್ಲಿ ಕುದಿಸಿದರೆ ಮೈ ನೀಲಿ ಛಾಯೆಯ ಗಾಢ ಕಪ್ಪಾಗುತ್ತದೆ. ಇದು ಶಕುದೋ. ತಾಮ್ರದ ಜೊತೆ ಬೆಳ್ಳಿ ಸೇರಿದರೆ ಮಂಜಿನ ಬೂದುಬಣ್ಣದ ಶಿಬುಇಚಿ. ಆ ಕಪ್ಪಿನ ಮೇಲೆ ಚಿನ್ನ ಕೂರಿಸಿದಾಗ ಪುಟ್ಟ ಡ್ರ್ಯಾಗನ್ ಕೂಡ ಉರಿಯುತ್ತದೆ. ಹಿನ್ನೆಲೆಯ ನನಕೊ ಕೆಲಸವಂತೂ ತಾಳ್ಮೆಯ ಪರಮಾವಧಿ: ಮೀನಿನ ಮೊಟ್ಟೆಗಳ ಹಾಗೆ ಒತ್ತೊತ್ತಾಗಿ ಕುಳಿತ ಗುಂಡುಗುಂಡು ಚುಕ್ಕೆಗಳು, ಚಾಣದಿಂದ ಒಂದೊಂದಾಗಿ ಹೊಡೆದವು. ಒಂದು ಸಾಲು ಓರೆಯಾದರೂ ಕಣ್ಣಿಗೆ ಕಾಣುತ್ತದೆ.

ಈ ಕಲೆಯ ದೊಡ್ಡ ಮನೆತನ ಗೊತೊ. 15ನೇ ಶತಮಾನದಲ್ಲಿ ಶೋಗನ್ ಅಶಿಕಾಗ ಯೊಶಿಮಸನ ಆಶ್ರಯದಲ್ಲಿದ್ದ ಗೊತೊ ಯೂಜೊನಿಂದ ಶುರುವಾಗಿ ಹದಿನೇಳು ತಲೆಮಾರು ನಡೆಯಿತು. ಅವರದು ಅರಮನೆಯ ಗಾಂಭೀರ್ಯದ ಶೈಲಿ. ಅದರಿಂದ ಹೊರಬಂದು ಪೇಟೆಯ ಗಿರಾಕಿಗಳಿಗಾಗಿ ಕೆತ್ತಿದವನು ಯೊಕೊಯಾ ಸೋಮಿನ್ (1670–1733). ಚಾಣವನ್ನು ಓರೆಯಾಗಿ ಹಿಡಿದು, ಕುಂಚ ಎಳೆದಂತೆ ಒಂದೇ ಬೀಸಿನಲ್ಲಿ ಗೆರೆ ಕೊರೆಯುವುದರಲ್ಲಿ ಸಿದ್ಧಹಸ್ತ. ಗೊತೊಗಳ ಅಚ್ಚುಕಟ್ಟಿಗಿಂತ ಸೋಮಿನನ ಆ ಉಸಿರಾಡುವ ಗೆರೆಯೇ ನನಗೆ ಹೆಚ್ಚು.

1876ರಲ್ಲಿ ಮೇಜಿ ಸರ್ಕಾರ ಸಾರ್ವಜನಿಕವಾಗಿ ಕತ್ತಿ ಧರಿಸುವುದನ್ನು ನಿಷೇಧಿಸಿತು. ಅಪವಾದವಾಗಿ ಉಳಿದವರು ಸೈನಿಕರು, ಪೊಲೀಸರಂಥ ಕೆಲವರೇ. ತಲೆಮಾರುಗಳ ಕಸುಬು ನೆಲ ಕಳೆದುಕೊಂಡಿತು. ಕೆಲವರು ರಫ್ತಿಗಾಗಿ ಹೂದಾನಿ, ಡಬ್ಬಿಗಳತ್ತ ತಿರುಗಿದರು. ಕತ್ತಿಯ ಒಡವೆಗಳಿಂದ ಹೆಸರಾಗಿದ್ದ ಕನೊ ನತ್ಸುಓ (1828–1898) ಆ ಹೊತ್ತಿಗಾಗಲೇ ಹೊಸ ಜಪಾನಿನ ನಾಣ್ಯಗಳ ವಿನ್ಯಾಸಕ್ಕೆ ಕೈಹಚ್ಚಿದ್ದ. ಮುಂದೆ ಟೋಕಿಯೊ ಕಲಾಶಾಲೆಯಲ್ಲಿ ಪ್ರಾಧ್ಯಾಪಕನೂ ಆದ.

ಆಮೇಲೆ ನಡೆದದ್ದು ನೋವಿನ ಸಂಗತಿ. ಅಸಂಖ್ಯ ಕತ್ತಿಗಳನ್ನು ಬಿಚ್ಚಿ, ತ್ಸುಬಾ ಒಬ್ಬರಿಗೆ, ಮೆನುಕಿ ಇನ್ನೊಬ್ಬರಿಗೆ ಮಾರಲಾಯಿತು. ಯುರೋಪ್, ಅಮೆರಿಕದ ಮ್ಯೂಸಿಯಂಗಳಲ್ಲಿ ತ್ಸುಬಾಗಳು ಸಾಲುಸಾಲಾಗಿವೆ, ಆದರೆ ಯಾವುದು ಯಾವ ಕತ್ತಿಯದೆಂದು ಹೇಳುವವರಿಲ್ಲ. ಒಂದೇ ವಸ್ತುವಿನ ಚಿತ್ರ ಫುಚಿಯಿಂದ ಕೊಜುಕಾವರೆಗೆ ಹರಿಯುವ ಇಡಿಯಾದ ಜೋಡಣೆಯೊಂದು ಅಂಥ ನೂರು ಬಿಡಿ ತುಣುಕುಗಳಿಗಿಂತ ಬೆಲೆಯುಳ್ಳದ್ದು.

ನೋಡಲು ಟೋಕಿಯೊಗೇ ಹೋಗಬೇಕಿಲ್ಲ. ಹೈದರಾಬಾದಿನ ಸಾಲಾರ್ ಜಂಗ್ ಮ್ಯೂಸಿಯಂನ ಜಪಾನೀ ಸಂಗ್ರಹದಲ್ಲಿ ಸಮುರಾಯ್ ಕತ್ತಿಗಳಿವೆ. ಮುಂದಿನ ಸಲ ಆ ಕಡೆ ಹೋದರೆ ಅಲಗನ್ನು ನೋಡಿ ಮುಂದೆ ಸರಿಯಬೇಡಿ. ಹಿಡಿಯ ಹತ್ತಿರ ಬಗ್ಗಿ ಐದು ನಿಮಿಷ ನಿಲ್ಲಿ.