ಎರಡು ಬಿಳಿ, ಒಂದು ಕಪ್ಪು

ಗುಡವಿಗೆ ಹೋದದ್ದು ಹಕ್ಕಿ ನೋಡಲು. ಕೆರೆಯೊಳಗಿನ ಮರಗಳ ತುಂಬ ಬಿಳಿ ಕೆಂಬರಲುಗಳ ಸಂಸಾರ. ಆ ಸಂಭ್ರಮವನ್ನು ಎಷ್ಟೋ ಜನ ಬರೆದಿದ್ದಾರೆ, ಬಿಡಿ. ನನ್ನ ತಲೆಯಲ್ಲಿ ಇನ್ನೂ ಕೂತಿರುವುದು ವಾಪಸು ಬರುವಾಗ ಸೊರಬದ ರಸ್ತೆಬದಿಯ ಮೋಟಾರ್ ವೈಂಡಿಂಗ್ ಅಂಗಡಿಯಲ್ಲಿ ಕಂಡದ್ದು.

ಅಕ್ಕಿ ಗಿರಣಿಯ 10 ಎಚ್‌ಪಿ ಮೋಟಾರನ್ನು ಆಗಷ್ಟೇ ಇಳಿಸಿದ್ದರು. "ಬೇರಿಂಗ್ ಹೋಗಿ ಸುಟ್ಟಿದ್ದು. ಗುಂಯ್ ಅಂತಿತ್ತು, ಗ್ರೀಸ್ ತುಂಬಿದ್ರೂ ನಿಲ್ಲಲಿಲ್ಲ," ಎಂದ ಗಿರಣಿಯ ಕೆಲಸಗಾರ. ಜೊತೆಗೆ ಬಂದಿದ್ದ ಹಿರಿಯರದು ಇನ್ನೊಂದು ತೀರ್ಪು: "ಹೋದ ಸಲ ನೀ ಕಟ್ಟಿದ್ದೇ ಸರಿಯಿಲ್ಲ ಮಾರಾಯ."

"ಬೈಬೇಡಿ ಅಣ್ಣ, ಮೊದಲು ಇದನ್ನ ನೋಡಿ," ಎಂದು ಮೆಕ್ಯಾನಿಕ್ ಮುಚ್ಚಳ ಬಿಚ್ಚಿದರು. ಬೇರಿಂಗ್ ಬೆರಳಲ್ಲಿ ತಿರುಗಿಸಿದರೆ ನುಣ್ಣಗೆ ತಿರುಗಿತು. ಒಳಗೆ ಸುತ್ತಲೂ ಹನ್ನೆರಡು ಕಾಯಿಲ್ ಗುಂಪು. ಒಂದು ಇದ್ದಿಲಿನಂತೆ ಕಪ್ಪು, ಪಕ್ಕದ ಎರಡಕ್ಕೆ ವಾರ್ನಿಶ್‌ನ ಹೊಳಪೂ ಮಾಸಿಲ್ಲ. ಮತ್ತೆ ಒಂದು ಕಪ್ಪು, ಎರಡು ಬಿಳಿ. ನಾಲ್ಕು ಸಲ ಅದೇ ಲೆಕ್ಕ, ರಂಗೋಲಿ ಹಾಕಿದಷ್ಟು ಚೊಕ್ಕ.

ಮೂರು ಫೇಸಿನಲ್ಲಿ ಒಂದು ಹೋಗಿದೆ ಎಂಬುದಕ್ಕೆ ಅದೇ ಸಾಕ್ಷಿ. ಓಡುತ್ತಿರುವ ಮೋಟಾರು ಫೇಸ್ ಹೋದರೂ ಸಾಮಾನ್ಯವಾಗಿ ನಿಲ್ಲುವುದಿಲ್ಲ. ಉಳಿದೆರಡರಿಂದಲೇ ಹೆಚ್ಚು ಕರೆಂಟು ಎಳೆದುಕೊಂಡು, ಗುಂಯ್‌ಗುಡುತ್ತ ದುಡಿಯುತ್ತದೆ. ಈ ಮೋಟಾರಿನಂಥ ಡೆಲ್ಟಾ ಜೋಡಣೆಯಲ್ಲಿ ಹೆಚ್ಚಿನ ಭಾರ ಒಂದೇ ಫೇಸಿನ ಕಾಯಿಲ್‌ಗಳ ಮೇಲೆ ಬಿದ್ದು ಅವಷ್ಟೇ ಸುಡುತ್ತವೆ. ಸ್ಟಾರ್ ಜೋಡಣೆಯಾದರೆ ಚಿತ್ರ ತಿರುಗಾಮುರುಗಾ: ಎರಡು ಕಪ್ಪು, ಒಂದು ಬಿಳಿ. ಗಿರಣಿಗೆ ಭತ್ತ ಹೆಚ್ಚಾಗಿ ಸುಟ್ಟಿದ್ದರೆ ಎಲ್ಲವೂ ಸಮನಾಗಿ ಕಪ್ಪು. ಒಂದೇ ಕಡೆ ಚುಕ್ಕೆಯಂತೆ ಸುಟ್ಟಿದ್ದರೆ ಮಾತ್ರ ಕಟ್ಟಿದವರ ಕೈಯನ್ನೋ ತೇವವನ್ನೋ ಅನುಮಾನಿಸಬಹುದು. ಮೂಲೆಯ ಹಳೆಯ ಮೋಟಾರುಗಳನ್ನೆಲ್ಲ ನಾನು ಬಗ್ಗಿ ಬಗ್ಗಿ ನೋಡಿದೆ; ಕತ್ತಲಾದದ್ದೇ ತಿಳಿಯಲಿಲ್ಲ.

ವಿಚಾರಿಸಿದಾಗ ತಿಳಿಯಿತು, ಗಿರಣಿಯ ಮೂರು ಫ್ಯೂಸುಗಳಲ್ಲಿ ಒಂದು ಹೋಗಿತ್ತು. ಇಂಥ ಹೊತ್ತಿನಲ್ಲೇ ಬಿದ್ದು, ಕರೆಂಟು ಕಡಿದು ಮೋಟಾರು ಉಳಿಸಬೇಕಾದ ಓವರ್‌ಲೋಡ್ ರಿಲೇ ಎರಡು ವಾರದ ಹಿಂದೆ "ಸುಮ್‌ಸುಮ್ನೆ ಬೀಳ್ತದೆ" ಎಂದು ಬೈಸಿಕೊಂಡು, ಸ್ಕ್ರೂ ತಿರುಗಿಸಿಕೊಂಡು, ಬಾಯಿ ಮುಚ್ಚಿಕೊಂಡಿತ್ತು.

ಹಾಗಾದರೆ ಗುಂಯ್ ಎಂದೊಡನೆ ಬೇರಿಂಗನ್ನೇ ದೂರುವುದೇಕೆ? ಮೂರು ಫೇಸಿನ ಮೋಟಾರು ಹುಟ್ಟಿದ್ದು 1889ರ ಸುಮಾರಿಗೆ, ಯುರೋಪಿನಲ್ಲಿ. ನಮ್ಮ ಪಕ್ಕದ ಜೋಗದ ವಿದ್ಯುದಾಗಾರ ಶುರುವಾದದ್ದು 1948ರಲ್ಲಿ. ಅದಕ್ಕೂ ಮುಂಚಿನದು ಎಣ್ಣೆ ಎಂಜಿನ್ನಿನ ಕಾಲ. ಎಂಜಿನ್ನಿನಲ್ಲಿ ಸದ್ದು ಬದಲಾದರೆ ಸಾಮಾನ್ಯವಾಗಿ ಯಾವುದೋ ಭಾಗ ಸವೆದಿದೆ ಎಂದು ಅರ್ಥ. ಕೆಲಸಗಾರರ ಕಿವಿ ಪಳಗಿದ್ದು ಅಲ್ಲಿ ಎಂದು ನನಗನ್ನಿಸುತ್ತದೆ. ಅವರನ್ನು ದಡ್ಡರೆನ್ನಲು ನನಗೆ ಮನಸ್ಸಿಲ್ಲ. ಕೈಗೆ ಒಂದು ಮೀಟರನ್ನೂ ಕೊಡದೆ ಸಂಜೆಯೊಳಗೆ ಗಿರಣಿ ಓಡಬೇಕು ಎನ್ನುವವರದೇ ತಪ್ಪು ಹೆಚ್ಚು. ಬೇರಿಂಗ್ ಬದಲಾಗುತ್ತದೆ, ಸುಟ್ಟ ತಾಮ್ರ ಗುಜರಿಗೆ ಹೋಗುತ್ತದೆ, ಅದರೊಂದಿಗೆ ಸಾಕ್ಷಿಯೂ.

ಗಿರಣಿಯವರೇ, ಪಂಪ್‌ಸೆಟ್ಟಿನವರೇ, ಮೋಟಾರು ಗುಂಯ್ ಎಂದರೆ ಸ್ವಿಚ್ ಆರಿಸಿ ಕಿವಿಗೊಡಿ. ಆರಿಸಿದ ಕ್ಷಣವೇ ಸದ್ದು ನಿಂತರೆ ದೋಷ ಕರೆಂಟಿನದು. ಚಕ್ರ ನಿಲ್ಲುವವರೆಗೂ ಉಳಿದರೆ ಬೇರಿಂಗ್ ನೋಡಿ. ಸುಟ್ಟೇ ಹೋಗಿದ್ದರೆ, ಕಾಯಿಲ್ ಕೀಳುವ ಮುಂಚೆ ಮೊಬೈಲಿನಲ್ಲಿ ಒಂದು ಫೋಟೊ ತೆಗೆಯಿರಿ.