ಕೋಬಾಲ್ಟ್‌ನ ಒಂದು ಸಾಲಿಗೆ ಹತ್ತು ನಿಮಿಷ

9ನೇ ತರಗತಿಯ ವಿಜ್ಞಾನದಲ್ಲಿ ‘ಪರಮಾಣುವಿನ ರಚನೆ’ ಪಾಠದ ಕೊನೆಗೆ ಸಮಸ್ಥಾನಿಗಳ ಉಪಯೋಗಗಳು ಬರುತ್ತವೆ. ಕೋಬಾಲ್ಟ್‌ನ ಒಂದು ಸಮಸ್ಥಾನಿ ಕ್ಯಾನ್ಸರ್ ಚಿಕಿತ್ಸೆಗೆ ಬಳಕೆಯಾಗುತ್ತದೆ ಎಂಬುದು ಅವುಗಳಲ್ಲೊಂದು. ಪ್ರಶಿಕ್ಷಣಾರ್ಥಿಗಳು ಇದನ್ನು ಕಪ್ಪುಹಲಗೆಯ ಮೇಲೆ ಬರೆದು ಮುಂದೆ ಸಾಗುವುದನ್ನು ಚಿಕ್ಕೋಡಿ, ರಾಯಬಾಗ ಭಾಗದ ಶಾಲೆಗಳಲ್ಲಿ ಪಾಠ ವೀಕ್ಷಣೆಗೆ ಕುಳಿತಾಗ ಹಲವು ಸಲ ಕಂಡಿದ್ದೇನೆ. ಈ ಸಾಲಿಗೆ ಹತ್ತು ನಿಮಿಷವಾದರೂ ಕೊಡಬೇಕೆಂಬುದು ನನ್ನ ಅಭಿಪ್ರಾಯ. ಕ್ಯಾನ್ಸರ್ ರೋಗಿಗಳಲ್ಲಿ ಸುಮಾರು ಅರ್ಧದಷ್ಟು ಜನರಿಗೆ ಯಾವುದಾದರೊಂದು ಹಂತದಲ್ಲಿ ವಿಕಿರಣ ಚಿಕಿತ್ಸೆ ಬೇಕಾಗುತ್ತದೆ. ನಿಪ್ಪಾಣಿಯ ಸುತ್ತ, ತಂಬಾಕು ಬೆಳೆದು ಬೀಡಿ ಕಟ್ಟುವ ಊರುಗಳಲ್ಲಿ, ಬಾಯಿಯ ಕ್ಯಾನ್ಸರ್ ಎಂದರೇನೆಂದು ಮಕ್ಕಳಿಗೆ ಹೊಸದಾಗಿ ಹೇಳಬೇಕಾಗಿಲ್ಲ.

ಮೊದಲು ಒಂದು ತಪ್ಪು ಕಲ್ಪನೆಯನ್ನು ತೆಗೆಯಬೇಕು. ಜನರ ಬಾಯಲ್ಲಿ ಇದು ‘ಕರೆಂಟ್ ಕೊಡೂದು’. ಇಲ್ಲಿ ಶಾಕ್ ಇಲ್ಲ. ಕೋಬಾಲ್ಟ್-60 ಹೊರಸೂಸುವ ಗಾಮಾ ಕಿರಣಗಳು ಕೋಶದ ಡಿ.ಎನ್.ಎ.ಯನ್ನು ಕೆಡಿಸುತ್ತವೆ, ಅಷ್ಟೆ. ಯಂತ್ರದ ಕೆಳಗಿನಿಂದ ಎದ್ದು ಬಂದವರ ಮೈಯಲ್ಲಿ ವಿಕಿರಣ ಉಳಿದಿರುವುದಿಲ್ಲ. ಅವರ ಪಕ್ಕ ಕೂತು ಉಣ್ಣಬಹುದು, ಮೊಮ್ಮಗು ತೊಡೆಯ ಮೇಲೆ ಮಲಗಬಹುದು. (ಇದನ್ನು ಹೇಳುವಾಗ ‘ನಿಮ್ಮ ಮನೆಯಲ್ಲಿ ಯಾರಿಗಾದರೂ ಆಗಿದೆಯೇ?’ ಎಂದು ದಯವಿಟ್ಟು ಕೇಳಬೇಡಿ.)

ಚಿಕಿತ್ಸೆ ಒಂದೇ ದಿನದ್ದಲ್ಲ. ಗರ್ಭಕಂಠದ ಕ್ಯಾನ್ಸರಿಗೆ ಹೊರಗಿನಿಂದ ಕೊಡುವ ವಿಕಿರಣ ಸಾಮಾನ್ಯವಾಗಿ 25 ಕಂತು: ವಾರಕ್ಕೆ ಐದು ದಿನದಂತೆ ಐದು ವಾರ. ಕಂತುಗಳ ನಡುವೆ ಆರೋಗ್ಯವಂತ ಕೋಶ ಚೇತರಿಸಿಕೊಳ್ಳುತ್ತದೆ, ಕ್ಯಾನ್ಸರ್ ಕೋಶಕ್ಕೆ ಅಷ್ಟು ಸಾಧ್ಯವಾಗುವುದಿಲ್ಲ. ನಡುವೆ ದಿನಗಳು ತಪ್ಪಿದರೆ ಗುಣವಾಗುವ ಸಾಧ್ಯತೆ ಇಳಿಯುತ್ತದೆ. ಆದ್ದರಿಂದ ದೂರವನ್ನೂ 25ರಿಂದ ಗುಣಿಸಬೇಕು. ಮಕ್ಕಳೇ ಲೆಕ್ಕ ಹಾಕಲಿ. ನಿಪ್ಪಾಣಿಯಿಂದ ಕೊಲ್ಲಾಪುರ ಸುಮಾರು 40 ಕಿ.ಮೀ.; ದಿನಾ ಹೋಗಿಬಂದರೆ 2,000 ಕಿ.ಮೀ. ಅಥಣಿಯಿಂದ ಬೆಳಗಾವಿ ಸುಮಾರು 140. ಅದು 7,000 ಆಗುತ್ತದೆ. ಅಥಣಿ, ಕಾಗವಾಡದವರಿಗೆ ಮಿರಜವೇ ಹತ್ತಿರ. ರಾಯಬಾಗದಿಂದ ಅಲ್ಲಿಗೆ ರೈಲೂ ಇದೆ. ಗಡಿಯ ಜಗಳ ಪತ್ರಿಕೆಯಲ್ಲಿ ಎಷ್ಟಾದರೂ ಇರಲಿ, ರೋಗಿ ನೋಡುವುದು ಬಸ್ಸಿನ ವೇಳೆಯನ್ನು. ಸರಕಾರದ ಆರೋಗ್ಯ ಕಾರ್ಡು ಚಿಕಿತ್ಸೆಯ ಖರ್ಚಿಗೆ ನೆರವಾಗುತ್ತದೆ. ಕಬ್ಬು ಕಡಿಯುವ ಕಾಲದಲ್ಲಿ ತಪ್ಪಿದ ಐದು ವಾರದ ಕೂಲಿಯನ್ನು ತುಂಬಿಕೊಡುವುದಿಲ್ಲ.

ಇಲ್ಲಿಂದ ಜಗತ್ತಿನ ನಕಾಶೆಗೆ ಹೋಗಬಹುದು. ಉಗಾಂಡಾ ದೇಶಕ್ಕೆಲ್ಲ ಇದ್ದದ್ದು ಕಂಪಾಲಾದ ಮುಲಾಗೊ ಆಸ್ಪತ್ರೆಯ ಒಂದೇ ಕೋಬಾಲ್ಟ್ ಯಂತ್ರ. 2016ರಲ್ಲಿ ಅದು ಕೆಟ್ಟು ನಿಂತಿತು. ಹೊಸದು ಬರುವವರೆಗೆ ಒಂದೂವರೆ ವರ್ಷಕ್ಕೂ ಹೆಚ್ಚು ಕಾಲ, ಶಕ್ತಿಯಿದ್ದವರು ನೆರೆಯ ಕೀನ್ಯಾಕ್ಕೆ ಹೋದರು. ಅಂತಾರಾಷ್ಟ್ರೀಯ ಪರಮಾಣು ಶಕ್ತಿ ಸಂಸ್ಥೆ 2022ರಲ್ಲಿ ಈ ಕೊರತೆ ನೀಗಿಸುವ ಕಾರ್ಯಕ್ರಮ ಆರಂಭಿಸಿದಾಗ ಆಫ್ರಿಕಾದ 20ಕ್ಕೂ ಹೆಚ್ಚು ದೇಶಗಳಲ್ಲಿ ಇಂಥ ಒಂದು ಯಂತ್ರವೂ ಇರಲಿಲ್ಲ. ನಮ್ಮ ಅಥಣಿಯ ರೋಗಿಗೆ ಮಿರಜ, ಬೆಳಗಾವಿ, ಹುಬ್ಬಳ್ಳಿ ಎಂಬ ಆಯ್ಕೆಯಾದರೂ ಇದೆ.

ಶ್ರೀಮಂತ ದೇಶಗಳು ಬಹುಮಟ್ಟಿಗೆ ಕೋಬಾಲ್ಟ್ ಬಿಟ್ಟು ‘ಲಿನಾಕ್’ ಎಂಬ ಯಂತ್ರಕ್ಕೆ ಹೋಗಿವೆ. ಅದು ವಿದ್ಯುತ್ತಿನಿಂದಲೇ ಕಿರಣ ಹುಟ್ಟಿಸುತ್ತದೆ. ಆದರೆ ಏರಿಳಿತವಿಲ್ಲದ ವಿದ್ಯುತ್ತು, ನುರಿತ ಭೌತವಿಜ್ಞಾನಿ, ಕರೆದಾಗ ಬರುವ ಎಂಜಿನಿಯರ್ ಬೇಕು. ಕೋಬಾಲ್ಟ್ ಯಂತ್ರ ಅಷ್ಟು ನಾಜೂಕಿನದಲ್ಲ. ನಮ್ಮ ಭಾಭಾ ಪರಮಾಣು ಸಂಶೋಧನಾ ಕೇಂದ್ರ ರೂಪಿಸಿದ ‘ಭಾಭಾಟ್ರಾನ್’ ಅಂಥದ್ದೇ. ಭಾರತ ಅದನ್ನು ವಿಯೆಟ್ನಾಮಿಗೂ ಕೊಟ್ಟಿದೆ. ಕೋಬಾಲ್ಟಿನ ತೊಂದರೆ ಬೇರೆ: ಅದರ ಅರ್ಧಾಯು 5.27 ವರ್ಷ. ಅರ್ಧಾಯು 9ನೇ ತರಗತಿಯ ಪಠ್ಯದಲ್ಲಿಲ್ಲ, ಆದರೂ ‘ಐದೂಕಾಲು ವರ್ಷಕ್ಕೆ ಶಕ್ತಿ ಅರ್ಧ’ ಎಂದರೆ ಮಕ್ಕಳಿಗೆ ತಿಳಿಯುತ್ತದೆ. ಮೂಲ ಹಳೆಯದಾದಂತೆ ಅದೇ ಪ್ರಮಾಣಕ್ಕೆ ಹೆಚ್ಚು ಹೊತ್ತು ಬೇಕು. ಹೊಸ ಮೂಲ ಕೊಳ್ಳಲು ಹಣವಿಲ್ಲದ ಕಡೆ ಸರತಿ ಉದ್ದವಾಗುತ್ತದೆ.

ಮೌಲ್ಯಮಾಪನಕ್ಕೆ ಹೀಗೊಂದು ಪ್ರಶ್ನೆ ಕೊಡಬಹುದು: ಪ್ರತಿ ರೋಗಿಯನ್ನು ಮಲಗಿಸಿ ಸರಿಹೊಂದಿಸಲು 7 ನಿಮಿಷ, ಹೊಸ ಮೂಲದಿಂದ ಕಿರಣ ಕೊಡಲು 3 ನಿಮಿಷ ಹಿಡಿಯುತ್ತದೆ ಎಂದುಕೊಳ್ಳಿ. ಯಂತ್ರ ದಿನಕ್ಕೆ 8 ಗಂಟೆ ನಡೆಯುತ್ತದೆ. ಐದೂಕಾಲು ವರ್ಷದ ನಂತರ, ದಿನವೊಂದಕ್ಕೆ ಎಷ್ಟು ಜನರಿಗೆ ‘ನಾಳೆ ಬನ್ನಿ’ ಎನ್ನಬೇಕಾಗುತ್ತದೆ?