ಒಳಪೆಡಲು ನೆನಪಿದೆಯೇ?

ಸೋದರಿಯರೇ, ತೊಂಬತ್ತರ ದಶಕದಲ್ಲಿ ನಮ್ಮ ಪಾಳಾದ ಕಡೆ ಲೇಡೀಸ್ ಸೈಕಲ್ ಅಪರೂಪ. ಅಪ್ಪನ ಹಳೆಯ ಅಟ್ಲಾಸೇ ಗತಿ. ಸೀಟು ಎದೆಮಟ್ಟಕ್ಕೆ! ಎಡಗೈ ಹ್ಯಾಂಡಲ್ಲಿಗೆ, ಬಲಗಂಕುಳು ಸೀಟಿನ ಮೇಲೆ, ಬಲಗಾಲು ಬಾರಿನ ಕೆಳಗಿಂದ ತೂರಿಸಿ ಆಚೆ ಪೆಡಲಿಗೆ. ಪೂರ್ತಿ ಸುತ್ತು ತುಳಿಯಲಾಗದು. ಅರ್ಧ ತುಳಿ, ಹಿಂದಕ್ಕೆ ತಿರುಗಿಸು, ಮತ್ತೆ ತುಳಿ. ಲಂಗ ಚೈನಿಗೆ ಸಿಕ್ಕಿ ಹರಿದರೆ ಮೊಣಕಾಲಿನ ಗಾಯಕ್ಕಿಂತ ಅವ್ವನ ಬೈಗುಳವೇ ಉರಿ. "ಹೆಣ್ಮಕ್ಳಿಗ್ಯಾಕ ಸೈಕಲ್ಲು?" ಎನ್ನುತ್ತಿದ್ದ ಅಜ್ಜಿ, ಮಾತ್ರೆ ಬೇಕಾದಾಗ ಮಾತ್ರ ನನ್ನನ್ನೇ ಅಟ್ಟುತ್ತಿದ್ದಳು.

ಎಂಟನೇ ತರಗತಿಯವರಿಗೆ ಸರಕಾರದ ಉಚಿತ ಸೈಕಲ್ ಬಂದದ್ದು 2006-07ರಲ್ಲಿ. ಅಷ್ಟರೊಳಗೆ ದೂರದ ಹೈಸ್ಕೂಲಿಗೆ ನಡೆಯಲಾರದೆ ಶಾಲೆ ಬಿಟ್ಟ ನನ್ನ ಜೊತೆಗಾರ್ತಿಯರೆಷ್ಟೋ.

ಅಂಥವರು ಈಗಲೂ ಕಲಿಯಬಹುದು. ಪಾದಗಳೆರಡೂ ನೆಲ ಮುಟ್ಟುವಷ್ಟು ಸೀಟು ಇಳಿಸಿ. ಬ್ರೇಕ್ ಪರೀಕ್ಷಿಸಿ, ಸಣ್ಣ ಇಳಿಜಾರಿನಲ್ಲಿ ತುಳಿಯದೆ ಉರುಳಲು ಬಿಡಿ. ವಾಲಿದ ಕಡೆಗೇ ಹ್ಯಾಂಡಲ್ ತಿರುಗಿಸಿ. ಸೀರೆಗಿಂತ ಚೂಡಿದಾರ ವಾಸಿ, ಯಾರೇನಂದರೂ ಅನ್ನಲಿ.